ಇಂಜಿನಿಯರ್ ಆಗೋದಿಲ್ಲ ಅಂದ್ರೆ ಸೈನ್ಸ್ ಓದಿ ಏನು ಉಪಯೋಗ?

ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾಳೆ, ಇಂಜಿನಿಯರ್ ಆಗುವ ಆಸೆ ಇಲ್ಲ, ಆದರೂ ಪಿಯುಸಿಗೆ ಸೈನ್ಸ್ ತಗೋಬೇಕಾ ಅಂತ ಕೇಳಿದ್ದೀರಿ. ಗಣಿತ ಅಂದ್ರೆ ಅವಳಿಗೆ ಭಯ ಇಲ್ಲದಿದ್ದರೆ ತಗೊಳ್ಳಲಿ. ನಾನು ಬಿಎಸ್ಸಿ ಮಾಡಿ ಈಗ ಬೆಂಗಳೂರಿನಲ್ಲಿ ಪಂಪು, ಪೈಪು ಮಾರುತ್ತೇನೆ. ಓದಿದ್ದು ಸುಮ್ನೆ ದಂಡ ಆಯ್ತಲ್ವಾ ಅಂತ ನೆಂಟರು ಈಗಲೂ ಕೇಳುತ್ತಾರೆ.

ಅಂಗಡಿಗೆ ಬರುವವರು ಬಾಯಿ ಬಿಟ್ಟರೆ ‘ದೊಡ್ಡ ಮೋಟರ್ ಕೊಡಿ’ ಅಂತಾರೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಎಷ್ಟು ಎತ್ತರ ಅಂತ ನಾನು ಮೊದಲು ಕೇಳುತ್ತೇನೆ. 10 ಮೀಟರ್ ಅಂದುಕೊಳ್ಳಿ. 1,000 ಲೀಟರ್ ನೀರು ಅಂದರೆ 1,000 ಕೆಜಿ. ಅದನ್ನು ಎತ್ತಲು ಬೇಕಾದ ಶಕ್ತಿಯನ್ನು ಪಿಯುಸಿಯ ಎಂಜಿಎಚ್ ಸೂತ್ರಕ್ಕೆ (ದ್ರವ್ಯರಾಶಿ × ಗುರುತ್ವದ 9.8 × ಎತ್ತರ) ಹಾಕಿದರೆ ಸುಮಾರು 98,000 ಜೌಲ್. ಒಂದು ಯೂನಿಟ್ ಕರೆಂಟ್ ಅಂದರೆ 36 ಲಕ್ಷ ಜೌಲ್. ಮೋಟರು, ಪೈಪಿನಲ್ಲಿ ಮುಕ್ಕಾಲು ಪಾಲು ಹಾಳಾದರೂ ಟ್ಯಾಂಕ್ ತುಂಬಲು ಖರ್ಚಾಗುವುದು ಯೂನಿಟ್ಟಿನ ಹತ್ತನೇ ಒಂದು ಭಾಗದಷ್ಟು. ಅಷ್ಟು ಎತ್ತರಕ್ಕೆ ಅರ್ಧ ಎಚ್‌ಪಿ ಧಾರಾಳ ಸಾಕು. ಕಾಗದದ ಮೇಲೆ ಬರೆದು ತೋರಿಸಿದರೆ ಗಿರಾಕಿ ಒಪ್ಪುತ್ತಾನೆ. ನನಗೆ ಲಾಭ ಸ್ವಲ್ಪ ಕಮ್ಮಿ, ಇರಲಿ ಬಿಡಿ.

ಇದೇ ಲೆಕ್ಕ ಬೆಂಗಳೂರಿಗೆ ಬರುವ ಕಾವೇರಿ ನೀರಿಗೆ ಹಾಕಿ. ಸುಮಾರು 100 ಕಿ.ಮೀ. ದೂರದಿಂದ ಬರುತ್ತದೆ, ಸುಮಾರು 500 ಮೀಟರ್ ಮೇಲೆತ್ತಬೇಕು. ನಮ್ಮ ಟ್ಯಾಂಕಿನ ಎತ್ತರದ 50 ಪಟ್ಟು! ಜಲಮಂಡಳಿಗೆ ಕರೆಂಟ್ ಬಿಲ್ ಯಾಕೆ ಅಷ್ಟು ದೊಡ್ಡ ಹೊರೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಪೇಪರಿನಲ್ಲಿ ಬರುವ ಒಂದು ಅಂಕಿಯನ್ನು ಹೀಗೆ ಹಿಡಿದು ನೋಡುವ ಅಭ್ಯಾಸ ನನಗೆ ಬಂದಿದ್ದು ಆ ಓದಿನಿಂದಲೇ. ಕೆಲಸ, ಸಂಬಳದ ಮಾತು ಆಮೇಲಿನದು.

ಇನ್ನೊಂದು ವಿಷಯ. ಸೈನ್ಸ್ ಮಾಡಿದವರು ಮುಂದೆ ಬಿಕಾಂ, ಬಿಎ, ಲಾ ಯಾವುದಕ್ಕೂ ಹೋಗಬಹುದು. ಪಿಯುಸಿಯಲ್ಲಿ ಕಾಮರ್ಸ್ ಮಾಡಿ ಆಮೇಲೆ ಬಿಎಸ್ಸಿ ಫಿಸಿಕ್ಸ್ ಬೇಕು ಅಂದ್ರೆ ಕಷ್ಟ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಂಡರೆ ಕೃಷಿ, ಪಶುವೈದ್ಯ, ಫಾರ್ಮಸಿ ದಾರಿಗಳೂ ತೆರೆದಿರುತ್ತವೆ. ಆದರೆ ಓದಿನ ಹೊರೆ ಜಾಸ್ತಿ, ಅದನ್ನು ಅವಳಿಗೆ ಮೊದಲೇ ಹೇಳಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ, ಯಾರು ಬೇಕಾದರೂ ಹೋಗಿ ಲ್ಯಾಬ್ ನೋಡಬಹುದು. ಈ ಸಲ ಕರ್ಕೊಂಡು ಹೋಗಿ. ಕಾಲೇಜು ಹುಡುಕುವಾಗ ಮಾತ್ರ ಸಿಇಟಿ ರ‍್ಯಾಂಕಿನ ಫ್ಲೆಕ್ಸ್ ನೋಡಿ ಮರುಳಾಗಬೇಡಿ. ಅಡ್ಮಿಷನ್‌ಗೆ ಮೊದಲು ಲ್ಯಾಬ್ ತೋರಿಸಿ ಅಂತ ಕೇಳಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಾಡಿದರೆ ಬೇರೆ ಕಾಲೇಜು ನೋಡಿ.