ಗ್ರೀಕರ ಮಡಕೆಗೆ ಆ ಕಪ್ಪು ಎಲ್ಲಿಂದ ಬಂತು?

ಪ್ರಶ್ನೆ: ಪ್ರಾಚೀನ ಗ್ರೀಕರು ವೈನ್ ಕುಡಿಯಲು ಬಳಸುತ್ತಿದ್ದರು ಅನ್ನುವ ಚಿತ್ರದ ಮಡಕೆಗಳ ಫೋಟೋ ನೋಡಿದೆ. 2,500 ವರ್ಷ ಕಳೆದರೂ ಕಪ್ಪು ಹಾಗೇ ಮಿರಿಮಿರಿ ಮಿಂಚುತ್ತಿದೆ. ಯಾವ ಬಣ್ಣ ಬಳಿಯುತ್ತಿದ್ದರು? ನಿಜಕ್ಕೂ ಅದರಲ್ಲಿ ಕುಡಿಯುತ್ತಿದ್ದರಾ, ಇಲ್ಲಾ ಸುಮ್ನೆ ಅಂದಕ್ಕಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ಕಪ್ಪಿಗೆ ಬೇರೆ ಬಣ್ಣವನ್ನೇ ಬಳಿದಿಲ್ಲ ಅಂದರೆ ನಂಬುತ್ತೀರಾ? ಅದೂ ಮಣ್ಣೇ. ಅಥೆನ್ಸಿನ ಕುಂಬಾರರು ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ದಪ್ಪ ಕಣವೆಲ್ಲ ತಳಕ್ಕಿಳಿದ ಮೇಲೆ ಉಳಿಯುವ ನುಣ್ಣನೆಯ ತಿಳಿಗೆಸರನ್ನು ತೆಗೆದು ಅದರಲ್ಲೇ ಚಿತ್ರ ಬರೆಯುತ್ತಿದ್ದರು. ಕಪ್ಪು ಹುಟ್ಟುವುದು ಆವಿಗೆಯಲ್ಲಿ. ಮೊದಲು ಗಾಳಿ ಆಡುವ ಹಾಗೆ ಉರಿಸುತ್ತಾರೆ, ಎಲ್ಲ ಕೆಂಪಾಗುತ್ತದೆ. ಆಮೇಲೆ ಕಿಂಡಿ ಮುಚ್ಚಿ, ಹಸಿ ಸೌದೆ ಹಾಕಿ ಹೊಗೆ ಕಟ್ಟಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಇಡೀ ಮಡಕೆ ಕಪ್ಪಾಗುತ್ತದೆ. ಶಾಖ 900 ಡಿಗ್ರಿ ಆಸುಪಾಸಿಗೆ ಬಂದಾಗ ಚಿತ್ರ ಬರೆದ ಪದರ ಮಾತ್ರ ಗಾಜಿನ ಹಾಗೆ ಬಿಗಿದುಕೊಳ್ಳುತ್ತದೆ. ಮತ್ತೆ ಕಿಂಡಿ ತೆರೆದಾಗ ಗಾಳಿ ತಾಗಿದ ಜಾಗವೆಲ್ಲ ಕೆಂಪಿಗೆ ತಿರುಗುತ್ತದೆ, ಬಿಗಿದುಕೊಂಡ ಪದರದೊಳಗೆ ಗಾಳಿ ಹೋಗದೆ ಅದು ಕಪ್ಪಾಗೇ ಉಳಿಯುತ್ತದೆ. ಥರ್ಮಾಮೀಟರ್ ಇಲ್ಲದ ಕಾಲ, ಬರೀ ಉರಿ ನೋಡಿ ಹದ ಹಿಡಿಯಬೇಕು ಅಲ್ವಾ? ನನಗಂತೂ ಚಿತ್ರಕ್ಕಿಂತ ಈ ಕೈಗುಣವೇ ಜಾಸ್ತಿ ಬೆರಗು.

ಇನ್ನು ಬಳಕೆ. ಖಂಡಿತ ಬಳಸುತ್ತಿದ್ದರು. ಗ್ರೀಕರು ವೈನಿಗೆ ನೀರು ಬೆರೆಸಿಯೇ ಕುಡಿಯುವವರು, ಬೆರೆಸದೆ ಹಾಗೇ ಕುಡಿಯುವುದು ಅನಾಗರಿಕರ ಚಾಳಿ ಅನ್ನುವುದು ಅವರ ಎಣಿಕೆ. ಬೆರೆಸಲು ಅಗಲ ಬಾಯಿಯ ಕ್ರೇಟರ್, ತಣ್ಣಗಿಡಲು ಅಣಬೆ ಆಕಾರದ ಸೈಕ್ಟರ್, ಬಗ್ಗಿಸಲು ಹೂಜಿಯಂಥ ಓಯ್ನೋಕೋಯಿ, ಕುಡಿಯಲು ಎರಡು ಹಿಡಿಯ ಅಗಲ ಬಟ್ಟಲು ಕೈಲಿಕ್ಸ್.

ಈ ಬಟ್ಟಲುಗಳಲ್ಲಿ ಒಂದನ್ನು ನೋಡಲೇಬೇಕು. ಕ್ರಿ.ಪೂ. 530ರ ಆಸುಪಾಸಿನಲ್ಲಿ ಅಥೆನ್ಸಿನ ಕುಂಬಾರ ಎಕ್ಸೇಕಿಯಾಸ್ ಮಾಡಿದ್ದು, ಈಗ ಜರ್ಮನಿಯ ಮ್ಯೂನಿಕ್‌ನಲ್ಲಿದೆ. ಒಳಗೆ ವೈನಿನ ದೇವರು ಡಯೊನೈಸಸ್ ದೋಣಿಯಲ್ಲಿ ಒರಗಿದ್ದಾನೆ, ಪಟದ ಕಂಬಕ್ಕೆ ದ್ರಾಕ್ಷಿ ಬಳ್ಳಿ ಹಬ್ಬಿ ಗೊಂಚಲು ಇಳಿಬಿದ್ದಿವೆ, ಸುತ್ತ ಏಳು ಡಾಲ್ಫಿನ್. ಬಟ್ಟಲು ತುಂಬಿದಾಗ ಇದೆಲ್ಲ ವೈನಿನಡಿ ಮುಳುಗಿರುತ್ತದೆ, ಗುಟುಕು ಗುಟುಕಾಗಿ ಕುಡಿದಂತೆ ದೋಣಿ ಮೇಲೆದ್ದು ಬರುತ್ತದೆ. ಹೊರಮೈಯಲ್ಲಿ ಎರಡು ದೊಡ್ಡ ಕಣ್ಣು ಬರೆದಿದ್ದಾನೆ. ಕುಡಿಯುವವನು ಬಟ್ಟಲು ಎತ್ತಿದರೆ ಎದುರು ಕೂತವರಿಗೆ ಅವನ ಮುಖದ ಜಾಗದಲ್ಲಿ ಕಾಣುವುದು ಆ ಕಣ್ಣುಗಳೇ.