ಮಾತು ಬಿಡುವುದಕ್ಕೂ ಕೊವೆಂಟ್ರಿ ಊರಿಗೂ ಏನು ಸಂಬಂಧ?

ನೀವು ಕೇಳಿರುವುದು ಎರಡು ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ: ‘ಮಮ್ಸ್ ದ ವರ್ಡ್’ (ಗುಟ್ಟು ಬಿಡದೆ ಸುಮ್ಮನಿರು) ಮತ್ತು ‘ಸೆಂಡ್ ಟು ಕೊವೆಂಟ್ರಿ’ (ಕೊವೆಂಟ್ರಿಗೆ ಕಳಿಸು, ಅಂದರೆ ಎಲ್ಲರೂ ಸೇರಿ ಒಬ್ಬನ ಜೊತೆ ಮಾತು ಬಿಡುವುದು). ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಮಮ್’ ಅಂದರೆ ಅಮ್ಮ; ಸುಮ್ಮನಿರುವುದಕ್ಕೆ ಅಮ್ಮ ಯಾಕೆ, ಒಂದು ಊರು ಯಾಕೆ ಅಂತ.

ಮೊದಲನೆಯದರಲ್ಲಿ ಅಮ್ಮ ಇಲ್ಲವೇ ಇಲ್ಲ. ತುಟಿ ಬಿಗಿದುಕೊಂಡು ಏನಾದರೂ ಹೇಳಲು ನೋಡಿ, ‘ಮ್‌ಮ್’ ಅಂತಷ್ಟೇ ಬರುತ್ತದೆ. ಆ ಸದ್ದೇ ಪದವಾಯಿತು. ಷೇಕ್ಸ್‌ಪಿಯರ್‌ನ ‘ಆರನೇ ಹೆನ್ರಿ’ ನಾಟಕದ ಎರಡನೇ ಭಾಗದಲ್ಲೂ ಒಬ್ಬ ‘ಮಮ್’ ಬಿಟ್ಟು ಬೇರೆ ಮಾತಾಡಬಾರದು ಅಂತಾನೆ. ಯಾರ ಹತ್ತಿರವೂ ಬಾಯಿ ಬಿಡಬೇಡ ಅಂತ ಅರ್ಥ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ‘ಬಿ ಲೈಕ್ ಡ್ಯಾಡ್, ಕೀಪ್ ಮಮ್’ ಅಂತ ಪೋಸ್ಟರ್ ಹಾಕಿತ್ತು. ಅಪ್ಪನ ಹಾಗೆ ಬಾಯಿ ಮುಚ್ಚಿಕೊಂಡಿರಿ ಅಂತಲೂ ಓದಬಹುದು, ಅಪ್ಪನ ಹಾಗೆ ಅಮ್ಮನನ್ನು ಸಾಕಿ ಅಂತಲೂ ಓದಬಹುದು. ಹೆಂಗಸರನ್ನು ಕೀಳು ಮಾಡುವ ಮಾತು ಇದು ಅಂತ ಸಂಸದೆ ಈಡಿತ್ ಸಮರ್‌ಸ್ಕಿಲ್ ಸಂಸತ್ತಿನಲ್ಲೇ ತಕರಾರು ತೆಗೆದರು. ಸರಿಯಾಗಿಯೇ ಮಾಡಿದರು.

ಕೊವೆಂಟ್ರಿಯ ಕಥೆ ನನಗೆ ಇನ್ನೂ ಇಷ್ಟ. ಇದು ಇಂಗ್ಲೆಂಡಿನ ಮಧ್ಯಭಾಗದ ಊರು. 1642ರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಶುರುವಾದ ವರ್ಷ, ರಾಜ ಮೊದಲನೇ ಚಾರ್ಲ್ಸ್ ಬಂದಾಗ ಕೋಟೆ ಬಾಗಿಲು ತೆಗೆಯದೆ ಪಾರ್ಲಿಮೆಂಟಿನ ಕಡೆ ನಿಂತಿತ್ತು. ಬರ್ಮಿಂಗ್‌ಹ್ಯಾಮ್ ಜನ ರಾಜನ ಕಡೆಯವರನ್ನು ಹಿಡಿದು ಕೊವೆಂಟ್ರಿಗೆ ಕಳಿಸಿದರು ಅಂತ ರಾಜನ ಕಡೆಯವನೇ ಆಗಿದ್ದ ಕ್ಲಾರೆಂಡನ್ ಆ ಯುದ್ಧದ ಬಗ್ಗೆ ಬರೆದ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ನುಡಿಗಟ್ಟಿನ ಮೂಲ ಅಲ್ಲೇ ಇದೆ ಅಂತ ಬಹಳ ಜನ ಹೇಳುತ್ತಾರೆ. ಆದರೆ ಅದು ಪಕ್ಕಾ ಸಾಬೀತಾದ ಮಾತಲ್ಲ, ಊಹೆ ಅಂತಲೇ ಇಟ್ಟುಕೊಳ್ಳಿ.

ಅರ್ಥದ ಬಗ್ಗೆ ಮಾತ್ರ ಅನುಮಾನ ಬೇಡ. 1811ರ ಒಂದು ಆಡುಮಾತಿನ ನಿಘಂಟಿನಲ್ಲಿ ಸೈನ್ಯದ ಅಧಿಕಾರಿಗಳ ಪದ್ಧತಿಯೊಂದನ್ನು ವಿವರವಾಗಿ ಕೊಟ್ಟಿದ್ದಾರೆ. ತಮ್ಮಲ್ಲೇ ಒಬ್ಬ ಕೆಟ್ಟದಾಗಿ ನಡೆದುಕೊಂಡ, ಆದರೆ ಕೋರ್ಟ್ ಮಾರ್ಷಲ್ (ಸೈನ್ಯದ ನ್ಯಾಯವಿಚಾರಣೆ) ಮಾಡುವಷ್ಟು ದೊಡ್ಡ ತಪ್ಪಲ್ಲ ಅಂದರೆ, ಅವನು ಊರಲ್ಲೇ ಇಲ್ಲ ಅಂತ ಎಲ್ಲರೂ ನಡೆದುಕೊಳ್ಳಬೇಕು. ಡ್ಯೂಟಿ ವಿಷಯ ಬಿಟ್ಟರೆ ಅವನು ಏನು ಕೇಳಿದರೂ ಉತ್ತರ ಕೊಡುವಂತಿಲ್ಲ. ಯಾರಾದರೂ ಮಾತಾಡಿಸಿದರೆ ಅವರಿಗೂ ಅದೇ ಶಿಕ್ಷೆ. ಕೊನೆಗೆ ಅವನು ತಪ್ಪೊಪ್ಪಿಕೊಂಡಾಗ, ಕೊವೆಂಟ್ರಿಗೆ ಹೋಗಿ ಈಗಷ್ಟೇ ವಾಪಸ್ ಬಂದವನ ಹಾಗೆ ಮೆಸ್ಸಿನಲ್ಲಿ ಸ್ವಾಗತ!

ಬಳಸುವಾಗ ಒಂದು ಗಮನಿಸಿ. ಗೆಳೆಯ ಗೆಳೆಯನಿಗೆ ಟೂ ಬಿಡುವುದಕ್ಕೆ ಇದು ಒಪ್ಪುವುದಿಲ್ಲ, ಅದಕ್ಕೆ ‘ಸೈಲೆಂಟ್ ಟ್ರೀಟ್‌ಮೆಂಟ್’ ಸಾಕು. ಗುಂಪಿಗೆ ಗುಂಪೇ ಸೇರಿ ಒಬ್ಬರ ಜೊತೆ ಮಾತು ಬಿಟ್ಟರೆ, ಉದಾಹರಣೆಗೆ ಮುಷ್ಕರದ ದಿನ ಕೆಲಸಕ್ಕೆ ಬಂದವನನ್ನು ಉಳಿದ ಕಾರ್ಮಿಕರು ಮಾತಾಡಿಸದಿದ್ದರೆ, ಆಗ ಅವನನ್ನು ಕೊವೆಂಟ್ರಿಗೆ ಕಳಿಸಿದರು ಅನ್ನಬಹುದು.