ಹೆದರಿದ್ದು ಹುಡುಗನಿಗೋ, ಹಿತ್ತಿಲ ಬರೆಗೋ?

ಪ್ರಶ್ನೆ: ನನಗೆ 27 ವರ್ಷ, ಮಡಿಕೇರಿಯಲ್ಲಿ ಶಿಕ್ಷಕಿ. ನಾಪೋಕ್ಲು ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ನಮ್ಮ ಮನೆಗೆ ಬಂದಾಗ ಒಂದು ಗಂಟೆ ಮಾತಾಡಿದೆವು, ಇಷ್ಟವಾದರು. ಜೂನ್ ಕೊನೆಯಲ್ಲಿ ನಾವು ಅವರ ಮನೆಗೆ ಹೋದೆವು. ಜೋರು ಮಳೆ. ಅಡುಗೆಮನೆಯಲ್ಲಿ ನಿಂತಿದ್ದವಳಿಗೆ ಇದ್ದಕ್ಕಿದ್ದಂತೆ ಕೈಕಾಲು ತಣ್ಣಗಾಗಿ, ಎದೆ ಹೊಡೆದುಕೊಂಡು, ಓಡಿಹೋಗಬೇಕು ಅನ್ನಿಸಿತು. ಹಿತ್ತಿಲ ಬರೆಗೆ (ಗುಡ್ಡ ಕಡಿದಾಗ ಮನೆಯ ಹಿಂದೆ ಉಳಿದ ಮಣ್ಣಿನ ಗೋಡೆ) ಹೊದಿಸಿದ್ದ ನೀಲಿ ಟಾರ್ಪಾಲು ಗಾಳಿಗೆ ಪಟಪಟ ಅನ್ನುತ್ತಿದ್ದದ್ದು ಮಾತ್ರ ನೆನಪಿದೆ. ಈಗ ಅವರ ಫೋನ್ ಬಂದರೂ ಹೊಟ್ಟೆ ತೊಳಸುತ್ತದೆ. ‘ಒಳಮನಸ್ಸು ಬೇಡ ಅಂದರೆ ಬೇಡ’ ಎನ್ನುತ್ತಾರೆ ಅಮ್ಮ. ಆಟಿ ತಿಂಗಳು ಹಿಡಿಯುವ ಮೊದಲು ಮಾತು ಮುಗಿಸಿ ಎನ್ನುತ್ತಾರೆ ದೊಡ್ಡಪ್ಪ. 2018ರಲ್ಲಿ ಗುಡ್ಡ ಕುಸಿದು ಮಕ್ಕಂದೂರು ಹತ್ತಿರದ ನಮ್ಮ ಮನೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ, ಅದನ್ನೆಲ್ಲ ಮರೆತಿದ್ದೇನೆ. ಈ ಸಂಬಂಧ ಬೇಡ ಅಂದುಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆ ಹೋದ ವಿಷಯವನ್ನು ನೀವು ಕೊನೆಗೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಕಣ್ಣು ನಿಂತದ್ದು ಅಲ್ಲೇ.

1911ರಲ್ಲಿ ಜಿನೀವಾದ ವೈದ್ಯ ಎಡ್ವಾರ್ ಕ್ಲಾಪರೇಡ್ ಒಬ್ಬ ರೋಗಿಯ ವಿಷಯ ಬರೆದರು. ಆಕೆಗೆ ಹೊಸದೇನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ದಿನಾ ನೋಡುವ ವೈದ್ಯರನ್ನೇ ಪ್ರತಿಸಲ ಹೊಸಬರಂತೆ ಮಾತಾಡಿಸುತ್ತಿದ್ದಳು. ಒಂದು ದಿನ ಕ್ಲಾಪರೇಡ್ ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. ಚುಚ್ಚಿತು. ಸ್ವಲ್ಪ ಹೊತ್ತಿಗೆ ಆಕೆ ಅದನ್ನೂ ಮರೆತಳು. ಆದರೆ ಅವರು ಮತ್ತೆ ಕೈ ಚಾಚಿದಾಗ ತನ್ನ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಯಾಕೆ ಎಂದರೆ ಕಾರಣ ಗೊತ್ತಿಲ್ಲ. (ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.)

ಹೇಳಿಕೊಳ್ಳಬಹುದಾದ ನೆನಪು ಬೇರೆ, ಮೈಯಲ್ಲಿ ಕೂತ ನೆನಪು ಬೇರೆ. ಮೊದಲನೆಯದಕ್ಕೆ ಮಿದುಳಿನ ಹಿಪೊಕ್ಯಾಂಪಸ್ ಬೇಕು. ಭಯದ ನೆನಪಿಗೆ ಅಮಿಗ್ಡಲ ಎಂಬ ಇನ್ನೊಂದು ಪುಟ್ಟ ಭಾಗ ಮುಖ್ಯ. ಮೊದಲನೆಯದು ಮಸುಕಾದರೂ ಎರಡನೆಯದು ಕೆಲಸ ಮಾಡುತ್ತಲೇ ಇರಬಹುದು. ‘ಮರೆತಿದ್ದೇನೆ’ ಎಂದು ನೀವು ಬರೆದದ್ದನ್ನು ನಾನು ನಂಬುತ್ತೇನೆ. ಆದರೆ ಜೋರು ಮಳೆ, ಮನೆಯ ಬೆನ್ನಿಗೇ ನಿಂತ ಬರೆ, ಹಸಿಮಣ್ಣಿನ ವಾಸನೆ, ಟಾರ್ಪಾಲಿನ ಪಟಪಟ ಇಷ್ಟೂ ಒಂದೇ ಕಡೆ ಸೇರಿದಾಗ ನಿಮ್ಮ ಮೈಯೂ ಆ ರೋಗಿಯಂತೆ ಕೈ ಹಿಂದಕ್ಕೆಳೆದುಕೊಂಡಿತು ಎಂಬುದು ನನ್ನ ಊಹೆ. ಪತ್ರ ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೂ ಅದೇ ಹುಡುಗ ನಿಮ್ಮ ಮನೆಯಲ್ಲಿ ಒಂದು ಗಂಟೆ ಎದುರಿಗೆ ಕೂತಿದ್ದಾಗ ಏನೂ ಆಗಲಿಲ್ಲವಲ್ಲ?

ಹಾಗಾದರೆ ಅವರ ಫೋನಿಗೆ ಯಾಕೆ ಹೊಟ್ಟೆ ತೊಳಸಬೇಕು? ಭಯ ಮೊದಲು ಬರುತ್ತದೆ, ಅದಕ್ಕೆ ಕಾರಣ ಹುಡುಕುವ ಮನಸ್ಸು ಆಮೇಲೆ ಓಡಿಬರುತ್ತದೆ, ಎದುರಿಗೆ ಸಿಕ್ಕವರ ತಲೆಗೆ ಕಟ್ಟುತ್ತದೆ. ಕುಶಾಲನಗರದ ನಿಸರ್ಗಧಾಮದ ತೂಗುಸೇತುವೆ ನೀವು ದಾಟಿರುತ್ತೀರಿ. ಅದಕ್ಕಿಂತ ಎಷ್ಟೋ ಎತ್ತರದ, ತೂಗಾಡುವ ಒಂದು ಸೇತುವೆ ಕೆನಡಾದ ಕ್ಯಾಪಿಲಾನೊದಲ್ಲಿದೆ. ಅಲ್ಲಿಗೆ ಬಂದ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ ಫೋನ್ ನಂಬರ್ ಕೊಟ್ಟಳು. ನಂಬರ್ ಪಡೆದ 18 ಮಂದಿಯಲ್ಲಿ 9 ಜನ ಆಮೇಲೆ ಫೋನ್ ಮಾಡಿದರು. ಗಟ್ಟಿ ಸೇತುವೆಯ ಮೇಲೆ ನಂಬರ್ ಪಡೆದ 16 ಮಂದಿಯಲ್ಲಿ ಮಾಡಿದವರು ಇಬ್ಬರೇ. ಮನೋವಿಜ್ಞಾನಿಗಳಾದ ಡಟನ್ ಮತ್ತು ಆರನ್ ಇದನ್ನು ಪ್ರಕಟಿಸಿದ್ದು 1974ರಲ್ಲಿ. ಸೇತುವೆ ಹುಟ್ಟಿಸಿದ ಎದೆಬಡಿತವನ್ನು ಆ ಗಂಡಸರು ಹುಡುಗಿಯ ಮೇಲಿನ ಆಕರ್ಷಣೆ ಅಂದುಕೊಂಡರು ಎನ್ನುವುದು ಅವರ ವಿವರಣೆ. ನಿಮ್ಮಲ್ಲಿ ಅದು ತಿರುವುಮುರುವಾಗಿರಬಹುದು. ಬರೆ ಹುಟ್ಟಿಸಿದ ಭಯಕ್ಕೆ ಹುಡುಗನ ಹೆಸರು ಬಿದ್ದಿದೆ.

ಇದನ್ನು ಓದಿ ‘ನನ್ನ ಯಾವ ತೀರ್ಮಾನವೂ ನನ್ನದಲ್ಲ’ ಎಂದು ಗಾಬರಿಯಾಗಬೇಡಿ. ಮೊದಲು ಕಂಡದ್ದು, ಕೇಳಿದ್ದು ನಮಗೇ ಗೊತ್ತಿಲ್ಲದೆ ಆಮೇಲಿನ ನಡವಳಿಕೆಯನ್ನು ಬದಲಿಸುವುದಕ್ಕೆ ‘ಪ್ರೈಮಿಂಗ್’ ಎನ್ನುತ್ತಾರೆ. ಅದರ ಬಗ್ಗೆ ಅತಿಯಾದ ಮಾತುಗಳೂ ಬಂದಿವೆ. ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದ ವಿದ್ಯಾರ್ಥಿಗಳು ನಿಧಾನವಾಗಿ ನಡೆದರು ಎಂದು ಮನೋವಿಜ್ಞಾನಿ ಜಾನ್ ಬಾರ್ಜ್ ತಂಡ 1996ರಲ್ಲಿ ಹೇಳಿದಾಗ ಜಗತ್ತೇ ಬೆರಗಾಯಿತು. 2012ರಲ್ಲಿ ಬ್ರಸೆಲ್ಸ್‌ನವರು ಅದೇ ಪ್ರಯೋಗವನ್ನು ಮತ್ತೆ ಮಾಡಿ ನಡಿಗೆಯನ್ನು ಯಂತ್ರದಿಂದ ಅಳೆದರೆ ಆ ನಿಧಾನ ಕಾಣಲೇ ಇಲ್ಲ. ಒಂದು ಪದ, ಒಂದು ಚಿತ್ರ ನಮ್ಮನ್ನು ಗೊಂಬೆಯಂತೆ ಆಡಿಸುವುದಿಲ್ಲ. ಜೀವಭಯದಲ್ಲಿ ಕಲಿತದ್ದರ ಪಟ್ಟು ಮಾತ್ರ ಬೇರೆಯದೇ.

ಅಮ್ಮನ ಮಾತನ್ನು ತಳ್ಳಿಹಾಕುತ್ತಿಲ್ಲ. ಹುಡುಗ ಆಡಿದ ಯಾವುದಾದರೂ ಮಾತು, ನೋಡಿದ ರೀತಿ, ಮನೆಯವರನ್ನು ಗದರಿದ ದನಿ ನಿಮ್ಮನ್ನು ಕೆಣಕಿತ್ತೇ? ಒಂದು ಹಾಳೆಯಲ್ಲಿ ಬರೆದು ನೋಡಿ. ಏನಾದರೂ ಸಿಕ್ಕರೆ ಅದಕ್ಕೆ ಪೂರ್ತಿ ಬೆಲೆ ಕೊಡಿ. ಏನೂ ಸಿಗದಿದ್ದರೂ ಬೇಡ ಎನ್ನುವ ಹಕ್ಕು ನಿಮ್ಮದೇ, ಯಾರಿಗೂ ಕಾರಣ ಕೊಡಬೇಕಿಲ್ಲ. ನನ್ನ ಕಳಕಳಿ ಇಷ್ಟೇ, ಒಂದು ಬರೆಯ ಮೇಲಿನ ಸಿಟ್ಟಿಗೆ ಒಬ್ಬ ಮನುಷ್ಯನನ್ನು ಕಳೆದುಕೊಳ್ಳಬಾರದು.

ದೊಡ್ಡಪ್ಪನಿಗೆ ಹೇಳಿ, ಆಟಿ ಬರಲಿ. ಹೇಗಿದ್ದರೂ ಆ ತಿಂಗಳು ಶುಭಕಾರ್ಯ ಮಾಡುವುದಿಲ್ಲ, ಅವಸರವೂ ಇರುವುದಿಲ್ಲ. ಅಷ್ಟರಲ್ಲಿ ಹುಡುಗನನ್ನು ಬೇರೆ ಕಡೆ ಭೇಟಿ ಮಾಡಿ. ಮಡಿಕೇರಿಯ ಯಾವುದಾದರೂ ಹೋಟೆಲಿನಲ್ಲಿ, ಕಾಫಿ ಕುಡಿಯುತ್ತ, ಎರಡು ಮೂರು ಸಲ. ಅಲ್ಲೂ ಮೈ ತಣ್ಣಗಾಗುತ್ತದೆಯೇ ಗಮನಿಸಿ. ಇಂಥ ಭಯ ಅಳಿಸಿಹೋಗುವುದಿಲ್ಲ, ‘ಇಲ್ಲಿ ಅಪಾಯವಿಲ್ಲ’ ಎಂಬ ಹೊಸ ಪಾಠ ಅದರ ಮೇಲೆ ಕೂರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಮಳೆ ಬಂದ ರಾತ್ರಿ ನಿದ್ದೆಯೇ ಬಾರದಿದ್ದರೆ, ಮನೆ ಹೋದ ಆ ದಿನವೇ ಕಣ್ಣೆದುರು ಬಂದು ನಿಂತರೆ, ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಭಯದ ವಿಳಾಸ ಬರೆಯೇ ಆಗಿದ್ದರೆ, ಆ ಭಯ ಸುಳ್ಳು ಎಂದು ಯಾಕೆ ಅಂದುಕೊಳ್ಳಬೇಕು? ಮನೆಗೆ, ರಸ್ತೆಗೆ ಇಳಿಜಾರನ್ನು ನೆಟ್ಟಗೆ ಕಡಿದದ್ದೂ 2018ರ ಕುಸಿತಗಳಿಗೆ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಟಾರ್ಪಾಲು ಹೊದಿಸಿದ್ದಾರೆ ಎಂದರೆ ಅವರಿಗೂ ಆತಂಕವಿದೆ. ಮಳೆ ಬಿಟ್ಟ ದಿನ ನೋಡಿ ಇನ್ನೊಮ್ಮೆ ಹೋಗಿ. ಅಮ್ಮ ಜೊತೆಗಿರಲಿ. ಹುಡುಗನೊಂದಿಗೆ ಹಿತ್ತಿಲಿಗೆ ನಡೆದು, ಬರೆ ಯಾವಾಗ ಕಡಿದದ್ದು, ನೀರು ಎಲ್ಲಿ ಇಳಿಯುತ್ತದೆ, ತಡೆಗೋಡೆಗೆ ಏನು ಮಾಡುತ್ತಿದ್ದಾರೆ ಕೇಳಿ. ಆಮೇಲೆ ಮಕ್ಕಂದೂರಿನ ಆ ದಿನದ ಬಗ್ಗೆ ನೆನಪಿಗೆ ಬಂದಷ್ಟು ಹೇಳಿ. ನಕ್ಕು ಮಾತು ಬದಲಿಸುತ್ತಾರೋ, ನಿಂತು ಕೇಳುತ್ತಾರೋ ನೋಡಿ. ಬೇಕೋ ಬೇಡವೋ ಎನ್ನುವುದನ್ನು ಆ ಸಂಜೆ ಮನೆಗೆ ಬಂದ ಮೇಲೆ ಯೋಚಿಸಿ.